“ಹತ್ತು ದಿನದಲ್ಲಿ ಕಣ್ಣು ಬಿಡುತ್ತೆ ಸಾರ್” ಅಂತ ಗಿನಿಪಿಗ್ ಮರಿ ಮಾರ್ತಾರೆ, ಹುಷಾರು

ಗಿನಿಪಿಗ್ ಮರಿ ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತೆ. ಮುಂದಿನದು ಓದದಿದ್ದರೂ ಇದೊಂದು ನೆನಪಿಟ್ಟುಕೊಳ್ಳಿ. ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತೆ. ಹತ್ತು ದಿನ ಕಾಯುವ ಲೆಕ್ಕ ಬೆಕ್ಕಿನ ಮರಿಯದ್ದು, ಮೊಲದ್ದು. ಇದು ತಾಯಿ ಹೊಟ್ಟೆಯಲ್ಲಿ 59ರಿಂದ 72 ದಿನ ಇದ್ದು, ಮೈತುಂಬ ಕೂದಲು, ಹಲ್ಲು, ತೆರೆದ ಕಣ್ಣು ಎಲ್ಲ ಮುಗಿಸಿಕೊಂಡೇ ಹೊರಗೆ ಬರೋದು. ಹುಟ್ಟಿದ ದಿನವೇ ತಾಯಿ ಹಿಂದೆ ಓಡಾಡುತ್ತೆ.

ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ 900 ರೂಪಾಯಿ ಎಣಿಸಿ ಕೊಟ್ಟು ಬಂದೆ. ಉರಿ ಇರೋದೇ ಅಲ್ಲಿ.

ಬೆಂಗಳೂರಿನ ಒಂದು ಅಂಗಡಿ, ಹೆಸರು ಬೇಡ. ಗಾಜಿನ ತೊಟ್ಟಿ, ಮೇಲೆ ಹಳದಿ ಬಲ್ಬು, ಕೆಳಗೆ ಸಾಮಿಲ್ಲಿನ ಹೊಟ್ಟು, ಮೂಲೆಯಲ್ಲಿ ಅಪ್ಪಟ ಬಿಳಿ ಮರಿ ಒಂದು. ಅಂಗಡಿಯವನು ಅಂಗೈಯಲ್ಲಿ ಎತ್ತಿ ತೋರಿಸಿದ. ಈಗ ಯೋಚಿಸಿದರೆ ಗೊತ್ತಾಗುತ್ತೆ, ಅವನ ಹೆಬ್ಬೆರಳು ಪೂರ್ತಿ ಹೊತ್ತು ಮರಿಯ ಮುಖದ ಮೇಲೇ ಇತ್ತು. ಕಣ್ಣು ಯಾಕೆ ಮುಚ್ಚಿದೆ ಅಂದೆ. “ಆಲ್ಬಿನೋ ಸಾರ್, ಬೆಳಕು ತಡೆಯಲ್ಲ.” ವಯಸ್ಸು? “ಒಂದು ತಿಂಗಳಾಯ್ತು, ಎಲ್ಲ ತಿನ್ನುತ್ತೆ.” ತಾಯಿ ಎಲ್ಲಿ? “ತಾಯಿ ಹೋಯ್ತು ಸಾರ್, ಮೊನ್ನೆ ಪಾರ್ಟಿ ಬಂದು ತಗೊಂಡ್ರು.” ಅಲ್ಲೇ ಎದ್ದು ಬರಬೇಕಿತ್ತು. ಆಲ್ಬಿನೋ, ಅಂದರೆ ಹುಟ್ಟಿನಿಂದಲೇ ಮೈಗೆ ಬಣ್ಣ ಇಲ್ಲದ್ದು, ಅನ್ನೋ ಪದ ಕೇಳಿ, ಹೌದಲ್ಲ, ಬೆಳಕಿಗೆ ಕಷ್ಟ ಆಗುತ್ತೆ ಅಂತ ಅವನ ಸುಳ್ಳಿಗೆ ನಾನೇ ಕಾರಣ ಒದಗಿಸಿಕೊಟ್ಟೆ. ಆಲ್ಬಿನೋ ಗಿನಿಪಿಗ್‌ನ ಕಣ್ಣು ಕೆಂಪಗಿರುತ್ತೆ, ಸರಿಯಾದ ಗಾತ್ರದಲ್ಲಿರುತ್ತೆ, ತೆರೆದೇ ಇರುತ್ತೆ. ಮುಚ್ಚಿರಲ್ಲ.

ಮನೆಗೆ ಬಂದು ಟ್ಯೂಬ್‌ಲೈಟ್ ಕೆಳಗೆ, ಕಾಯಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ ಕಣ್ಣಿನ ಮೇಲೆ ಎರಡು ನಿಮಿಷ ಇಟ್ಟು, ಮೆಲ್ಲಗೆ ರೆಪ್ಪೆ ಬಿಡಿಸಿ ನೋಡಿದರೆ, ಒಂದು ಕಡೆ ಸಾಸಿವೆ ಕಾಳಿನಷ್ಟು ಏನೋ ಒಳಗೆ ಹೂತಿದೆ. ಇನ್ನೊಂದು ಕಡೆ ಬರೀ ಗುಲಾಬಿ ಮಾಂಸ. ಕಣ್ಣೇ ಇಲ್ಲ. ಬಾಯಿ ತೆರೆದು ನೋಡಿದೆ: ಮೇಲೆ ಎರಡು ಹಲ್ಲು ಇರಬೇಕಾದ ಕಡೆ ಒಂದು, ಕೆಳಗಿನವು ಸೊಟ್ಟ. ಅಡುಗೆಮನೆ ತಕ್ಕಡಿಯಲ್ಲಿಟ್ಟರೆ 94 ಗ್ರಾಂ. ಆರೋಗ್ಯವಂತ ಮರಿ ಹುಟ್ಟುವಾಗಲೇ 80-100 ಗ್ರಾಂ ಇರುತ್ತೆ, ತಿಂಗಳಿಗೆ ಇನ್ನೂರು ದಾಟುತ್ತೆ. ಒಂದು ತಿಂಗಳದ್ದಂತೆ! ನಾಲ್ಕೈದು ದಿನದ್ದು, ಹಾಲು ಬಿಡಿಸದೆ ತಾಯಿಂದ ಕಿತ್ತದ್ದು.

ಇದಕ್ಕೆ ತಳಿಗಾರರಲ್ಲಿ ಹೆಸರಿದೆ, ‘ಲೀಥಲ್’ ಅಂತ. ಬಣ್ಣದ ಕೂದಲ ನಡುವೆ ಬಿಳಿ ಕೂದಲು ಬೆರೆತಿರುವ ಜಾತಿಗೆ ರೋನ್ ಅಂತಾರೆ, ಬಿಳಿ ಮೈ ಮೇಲೆ ಚುಕ್ಕೆ ಇರುವುದಕ್ಕೆ ಡಾಲ್ಮೇಶಿಯನ್. ಎರಡಕ್ಕೂ ಕಾರಣ ಒಂದೇ ಜೀನ್. ಈ ಜೀನ್ ಇರುವ ಗಂಡನ್ನೂ ಹೆಣ್ಣನ್ನೂ ಜೋಡಿ ಮಾಡಿದರೆ ನಾಲ್ಕು ಮರಿಗೆ ಒಂದು ಮರಿ, ಸರಾಸರಿ ಲೆಕ್ಕದಲ್ಲಿ, ಎರಡೂ ಕಡೆಯಿಂದ ಅದನ್ನು ಪಡೆದು ಹೀಗೆ ಹುಟ್ಟುತ್ತೆ: ಪೂರ್ತಿ ಬಿಳಿ, ಕಣ್ಣಿಲ್ಲ ಅಥವಾ ಕಾಳಿನಷ್ಟು, ಹಲ್ಲು ಕೆಟ್ಟಿರುತ್ತೆ, ಎಷ್ಟೋ ಸಲ ಕಿವಿಯೂ ಕೇಳಲ್ಲ. ರೋನ್ ಅಥವಾ ಡಾಲ್ಮೇಶಿಯನ್ ಜೊತೆ ಈ ಜೀನ್ ಇಲ್ಲದ್ದನ್ನು ಜೋಡಿ ಮಾಡಿದರೆ ಈ ಗಂಡಾಂತರ ಇಲ್ಲ. ಇಷ್ಟು ಸಣ್ಣ ವಿಷಯ. ಬಣ್ಣ ಚೆನ್ನಾಗಿ ಬರುತ್ತೆ ಅಂತ ಬೇಕಂತಲೇ ಎರಡು ರೋನ್ ಕೂಡಿ ಹಾಕ್ತಾರೆ, ಹುಟ್ಟಿದ ಕುರುಡು ಮರಿಯನ್ನ ‘ಸ್ಪೆಷಲ್ ವೈಟ್’ ಅಂತ ತಳ್ತಾರೆ.

ಕಣ್ಣು ಮುಚ್ಚಿದ ಮರಿಯೆಲ್ಲ ಲೀಥಲ್ ಅಲ್ಲ, ಅದೂ ಹೇಳಿಬಿಡ್ತೀನಿ. ಗುಂಗುರು ಕೂದಲ ಜಾತಿಗಳಲ್ಲಿ ರೆಪ್ಪೆ ಒಳಗೆ ಮಡಚಿಕೊಂಡಿರಬಹುದು, ಹುಲ್ಲಿನ ಕಡ್ಡಿ ಚುಚ್ಚಿ ಕೀವಾಗಿರಬಹುದು. ಅವಕ್ಕೆ ಔಷಧಿ ಇದೆ. ಡಾಕ್ಟರಿಗೆ ತೋರಿಸಿದ ಮೇಲೇ ತೀರ್ಮಾನ.

ಈಗ ಅಂಗಡಿಯವನ ಉತ್ತರಗಳು. ಒಂದೊಂದೂ ಮುತ್ತು.

ಫೋಟೋ ಕಳಿಸಿದ್ದಕ್ಕೆ ಮೊದಲನೆಯದು: “ಚಿಕ್ಕದಲ್ವಾ ಸಾರ್, ಹತ್ತು ದಿನದಲ್ಲಿ ಕಣ್ಣು ಬಿಡುತ್ತೆ.” ಬೆಳಿಗ್ಗೆ ಆಲ್ಬಿನೋ, ಸಂಜೆಗೆ ಹಸುಗೂಸು! ತಿಂಗಳದ್ದು ಅಂದಿದ್ರಲ್ಲ ಅಂದರೆ, “ಹುಡುಗ ಹೇಳಿರ್ತಾನೆ, ಅವನು ಹೊಸಬ.” ಹೇಳಿದ್ದು ಇವನೇ. ಲೀಥಲ್ ಅಂತ ಬಿಡಿಸಿ ಬರೆದೆ. “ಗೂಗಲ್ ನೋಡ್ಕೊಂಡು ಬಂದು ನಮಗೆ ಪಾಠ ಮಾಡ್ಬೇಡಿ. ಇಪ್ಪತ್ತು ವರ್ಷದ ಅಂಗಡಿ.” ಆಮೇಲೆ, “ವೀಕ್ ಇದ್ರೆ ಮಕ್ಕಳಿಗೆ ಕೊಡ್ತಾರಲ್ಲ ಪಿಂಕ್ ಸಿರಪ್, ಎರಡು ಹನಿ ಹಾಕಿ, ಎದ್ದು ಓಡಾಡುತ್ತೆ.”

ಇದನ್ನ ಇನ್ನೊಂದು ಸಲ ಓದಿ. ಮಕ್ಕಳ ಪಿಂಕ್ ಸಿರಪ್ ಅಂದರೆ ಎಷ್ಟೋ ಸಲ ಅಮಾಕ್ಸಿಸಿಲಿನ್ ಅನ್ನೋ ಆಂಟಿಬಯಾಟಿಕ್. ಪೆನಿಸಿಲಿನ್ ಕುಟುಂಬದ್ದು ಯಾವುದನ್ನೂ ಗಿನಿಪಿಗ್ ಬಾಯಿಗೆ ಹಾಕುವಂತಿಲ್ಲ. ಅಮಾಕ್ಸಿಸಿಲಿನ್, ಆಂಪಿಸಿಲಿನ್ ಬೇಡ, ಕ್ಲಿಂಡಾಮೈಸಿನ್ ಕೂಡ ಬೇಡ. ಕರುಳಲ್ಲಿ ಹುಲ್ಲು ಕೊಳೆಸುವ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ವಿಷ ಉಗುಳುವ ಕ್ಲಾಸ್ಟ್ರಿಡಿಯಂ ಹೆಚ್ಚಿ, ಕೆಲವೇ ದಿನದಲ್ಲಿ ಭೇದಿಯಾಗಿ ಸಾಯುತ್ತೆ. ಗಟ್ಟಿ ಇರುವ ದೊಡ್ಡ ಗಿನಿಪಿಗ್ಗೇ ಸಾಯುತ್ತೆ. ಈ ಮನುಷ್ಯ ಇಪ್ಪತ್ತು ವರ್ಷದಿಂದ ಎಷ್ಟು ಜನಕ್ಕೆ ಈ ಸಲಹೆ ಕೊಟ್ಟಿದ್ದಾನೋ.

ಕೊನೆಗೆ, “ಬೇಡ ಅಂದ್ರೆ ವಾಪಸ್ ತನ್ನಿ, ಬೇರೆ ಪೀಸ್ ಕೊಡ್ತೀನಿ.” ಇದನ್ನ ಏನ್ಮಾಡ್ತೀರ ಅಂದೆ. “ಅದು ನಿಮಗ್ಯಾಕೆ?” ಅಷ್ಟೇ. ಆಮೇಲೆ ಬ್ಲೂ ಟಿಕ್ ಬಿಟ್ಟರೆ ಉತ್ತರ ಇಲ್ಲ. ಬಿಲ್ ಹುಡುಕಿದೆ, ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡೋಣ ಅಂತ. ಬಿಲ್ಲಲ್ಲಿ ‘ಫಿಶ್ ಫುಡ್ – 900’ ಅಂತ ಬರೆದಿದೆ. ಕೈಗೆ ಕೊಟ್ಟಾಗ ನೋಡದೆ ಜೇಬಿಗೆ ಹಾಕಿಕೊಂಡವನು ನಾನೇ.

ವಾಪಸ್ ಕೊಟ್ಟಿಲ್ಲ. ನಿಮ್ಮ ಕೈಗೂ ಹೀಗೇ ಒಂದು ಮರಿ ಬಂದು ಸಿಕ್ಕಿಹಾಕಿಕೊಂಡಿದ್ದರೆ, ಅಂಗಡಿಯವನ ಮಾತು ಕೇಳಬೇಡಿ, ಇದನ್ನ ಓದಿ.

ಮೊದಲು ಬಿಸಿ, ಆಮೇಲೆ ಊಟ. ಮೈ ತಣ್ಣಗಿರುವ ಮರಿಗೆ ಏನೂ ಕುಡಿಸಬೇಡಿ, ಕರುಳು ಕೆಲಸ ಮಾಡಲ್ಲ, ಒಳಗೆ ಹೋದದ್ದು ಅಲ್ಲೇ ಹುಳಿಯುತ್ತೆ. ಬಾಟಲಿಗೆ ಬಿಸಿನೀರು ತುಂಬಿ ಕಾಲುಚೀಲದೊಳಗೆ ಹಾಕಿ ಪೆಟ್ಟಿಗೆಯ ಒಂದೇ ಬದಿಗೆ ಇಡಿ, ಇನ್ನೊಂದು ಬದಿ ತಂಪಾಗಿರಲಿ, ಬೇಕಾದಾಗ ಅದೇ ಸರಿದುಕೊಳ್ಳುತ್ತೆ. ಎರಡು ಮೂರು ಗಂಟೆಗೊಮ್ಮೆ ನೀರು ಬದಲಿಸಿ. ಆರಿದ ಬಾಟಲಿ ಮರಿಯ ಬಿಸಿಯನ್ನೇ ಎಳೆದುಕೊಳ್ಳುತ್ತೆ, ಇಲ್ಲದಿದ್ದರೇ ವಾಸಿ. ತಲೆ ಮೇಲೆ ದೊಡ್ಡ ಬಲ್ಬ್ ಬೇಡ, ಮರಿ ಒಣಗಿಹೋಗುತ್ತೆ.

ಹಾಲೂಡಿಸುವ ಗಿನಿಪಿಗ್ ಯಾರ ಮನೆಯಲ್ಲಾದರೂ ಇದ್ದರೆ ಕಾಲು ಹಿಡಿದಾದರೂ ಕೇಳಿ. ಬೇರೆಯವರ ಮರಿಗೂ ಇವು ತಕರಾರಿಲ್ಲದೆ ಹಾಲು ಕೊಡುತ್ತವೆ. ಸಿಗದಿದ್ದರೆ ಬೆಕ್ಕಿನ ಮರಿಗಳ ಹಾಲುಪುಡಿ, ಇಲ್ಲವೇ ಕಾಯಿಸಿ ಆರಿಸಿದ ಆಡಿನ ಹಾಲು. ಪ್ಯಾಕೆಟ್ಟಿನ ಹಸುವಿನ ಹಾಲು ಹೊಟ್ಟೆ ಕೆಡಿಸುತ್ತೆ. ಮೊದಲ ದಿನ ಎರಡು ಗಂಟೆಗೊಮ್ಮೆ ಅರ್ಧ ಎಂಎಲ್, ತಡೆದುಕೊಂಡರೆ ಒಂದು ಎಂಎಲ್. ರಾತ್ರಿಯೂ ನಾಲ್ಕು ಗಂಟೆಗಿಂತ ಅಂತರ ಬೇಡ.

ಹಸಿವಿನಿಂದಷ್ಟೇ ಅಲ್ಲ, ತಪ್ಪಾಗಿ ಕುಡಿಸುವುದರಿಂದಲೂ ಮರಿ ಸಾಯುತ್ತೆ. ಮೆಡಿಕಲ್ ಅಂಗಡಿಯ ಒಂದು ಎಂಎಲ್ ಸಿರಿಂಜ್, ಸೂಜಿ ತೆಗೆದದ್ದು. ಮಗುವಿನ ಹಾಗೆ ಅಂಗಾತ ಮಲಗಿಸಬೇಡಿ! ಬಟ್ಟೆಯಲ್ಲಿ ಸುತ್ತಿ, ಹೊಟ್ಟೆ ಕೆಳಗೆ, ಮುಂಗಾಲು ಸ್ವಲ್ಪ ಮೇಲೆ. ಮುಂದಿನ ಹಲ್ಲಿನ ಹಿಂದೆ ಪಕ್ಕದಲ್ಲಿ ಒಂದು ಖಾಲಿ ಜಾಗ ಇರುತ್ತೆ, ಸಿರಿಂಜಿನ ತುದಿ ಅಲ್ಲಿಂದ ಒಳಗೆ, ನೇರ ಗಂಟಲಿಗಲ್ಲ. ಒಂದು ಸಲಕ್ಕೆ 0.1 ಎಂಎಲ್, ಅಂದರೆ ಎರಡು ಹನಿ. ದವಡೆ ಆಡಿಸಿ ನುಂಗಿದ ಮೇಲೆ ಇನ್ನೆರಡು ಹನಿ. ಒಂದು ಎಂಎಲ್ಲಿಗೆ ಹತ್ತು ನಿಮಿಷ ಹಿಡಿಯುತ್ತೆ, ಹಿಡಿಯಲಿ. ಮೂಗಿನಿಂದ ಗುಳ್ಳೆ ಬಂದರೆ ತಕ್ಷಣ ನಿಲ್ಲಿಸಿ, ತಲೆ ಕೆಳಗೆ ಬಾಗಿಸಿ ಒರೆಸಿ. ಮಾರನೇ ದಿನ ಉಸಿರಾಟದಲ್ಲಿ ಟಿಕ್ ಟಿಕ್ ಸದ್ದು ಕೇಳಿದರೆ ಹಾಲು ಶ್ವಾಸಕೋಶಕ್ಕೆ ಹೋಗಿದೆ ಅಂತ ಲೆಕ್ಕ, ಅವತ್ತೇ ಡಾಕ್ಟರ ಹತ್ತಿರ ಓಡಿ. ಪ್ರತಿ ಸಲ ಕುಡಿಸಿದ ಮೇಲೂ ಬೆಚ್ಚಗಿನ ಒದ್ದೆ ಹತ್ತಿಯಿಂದ ಹಿಂಭಾಗದ ಉಚ್ಚೆ, ಹಿಕ್ಕೆ ಬರುವ ಜಾಗ ಮೆಲ್ಲಗೆ ಒರೆಸಬೇಕು. ತಾಯಿ ನೆಕ್ಕಿ ಮಾಡಿಸುವ ಕೆಲಸ ಅದು. ಒರೆಸದಿದ್ದರೆ ಉಚ್ಚೆ ಕಟ್ಟಿಕೊಳ್ಳುತ್ತೆ.

ಹಾಲಿನ ಜೊತೆಗೇ ಮೊದಲ ವಾರದಿಂದ ಗಂಜಿ. ಟಿಮೋಥಿ ಹುಲ್ಲಿನ ಗಿನಿಪಿಗ್ ಪೆಲೆಟ್ಟನ್ನ ಬಿಸಿನೀರಲ್ಲಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ. ಮೊಲದ ಪೆಲೆಟ್ ಬೇಡ, ಅದರಲ್ಲಿ ವಿಟಮಿನ್ ಸಿ ಇರಲ್ಲ. ನೂರು ಗ್ರಾಂ ಮರಿಗೆ ದಿನಕ್ಕೆ 6ರಿಂದ 8 ಎಂಎಲ್ ಗಂಜಿ, ಏಳೆಂಟು ಸಲಕ್ಕೆ ಹಂಚಿ. ಗಂಜಿ ಏರಿದಂತೆ ಹಾಲು ಇಳಿಸುತ್ತಾ ಬನ್ನಿ, ಮೂರು ವಾರಕ್ಕೆ ನಿಲ್ಲಿಸಬಹುದು. ಇನ್ನೊಂದು ವಿಷಯ, ಹೇಸಿಗೆ ಅನ್ನಿಸಿದರೂ ಮಾಡಿ: ಆರೋಗ್ಯವಂತ ದೊಡ್ಡ ಗಿನಿಪಿಗ್‌ನ ಒಂದು ಹಸಿ ಹಿಕ್ಕೆಯನ್ನ ನೀರಲ್ಲಿ ಕದಡಿ, ತಿಳಿಯನ್ನ ಎರಡು ಮೂರು ಹನಿ ಗಂಜಿಗೆ ಸೇರಿಸಿ. ಮರಿ ತಾಯಿಯ ಹಿಕ್ಕೆ ತಿಂದೇ ಕರುಳಿಗೆ ಬೇಕಾದ ಬ್ಯಾಕ್ಟೀರಿಯಾ ಪಡೆಯೋದು. ತಾಯಿ ಇಲ್ಲದ ಮರಿಗೆ ಬೇರೆ ದಾರಿ ಇಲ್ಲ.

ವಿಟಮಿನ್ ಸಿ ಇದರ ದೇಹ ತಾನೇ ತಯಾರಿಸಿಕೊಳ್ಳಲ್ಲ, ನಮ್ಮ ಹಾಗೆಯೇ. ದೊಡ್ಡದಕ್ಕೆ ಕಿಲೋ ತೂಕಕ್ಕೆ ದಿನಕ್ಕೆ 10 ಮಿಲಿಗ್ರಾಂ, ಬೆಳೆಯುವ ಅಥವಾ ಕಾಯಿಲೆ ಮರಿಗೆ 30ರವರೆಗೆ. ಮಕ್ಕಳ ಹನಿ ಔಷಧಿ ಎಂಎಲ್ಲಿಗೆ 100 ಮಿಲಿಗ್ರಾಂನದ್ದಾದರೆ ಒಂದು ಹನಿಯಲ್ಲಿ ಸುಮಾರು 5 ಮಿಲಿಗ್ರಾಂ, ನೂರು ಗ್ರಾಂ ಮರಿಗೆ ದಿನಕ್ಕೆ ಒಂದೇ ಹನಿ ಧಾರಾಳ. ಕುಡಿಯುವ ನೀರಿಗೆ ಹಾಕಬೇಡಿ, ಬೆಳಕಿಗೆ ಕೆಟ್ಟುಹೋಗುತ್ತೆ. ದೊಡ್ಡದಾದ ಮೇಲೆ ದಪ್ಪ ಮೆಣಸಿನಕಾಯಿ ಚೂರು ಸಾಕು. ಹುಲ್ಲಿಗೆ ಗರಿಕೆ ಚೆನ್ನ, ಆದರೆ ರಸ್ತೆ ಬದಿಯದ್ದು, ಔಷಧಿ ಹೊಡೆದದ್ದು ಬೇಡ. ಹಲ್ಲು ಸೊಟ್ಟ ಇರುವ ಮರಿಗೆ ಕತ್ತರಿಯಲ್ಲಿ ಅರ್ಧ ಇಂಚಿಗೆ ಕತ್ತರಿಸಿ ಹಾಕಿ. ಉದ್ದ ಬೆಳೆದ ಹಲ್ಲನ್ನ ನೇಲ್ ಕಟರಿನಿಂದ ಕತ್ತರಿಸಲು ಹೋಗಬೇಡಿ, ಬುಡದವರೆಗೆ ಸೀಳುತ್ತೆ. ಅದನ್ನ ಸಣ್ಣ ಪ್ರಾಣಿಗಳ ಡಾಕ್ಟರ್ ಮೆಷಿನ್ನಿನಲ್ಲಿ ಉಜ್ಜಬೇಕು, ಲೀಥಲ್ ಮರಿಗೆ ಇದು ಬದುಕಿರುವಷ್ಟು ದಿನದ ಖರ್ಚು.

ಕುರುಡಿನದ್ದು ಅಷ್ಟೇನೂ ಕಷ್ಟ ಇಲ್ಲ, ಹೊಟ್ಟೆಯದ್ದೇ ಕಷ್ಟ. ಮೂಗಿನಲ್ಲೇ ಅದು ಜಾಗ ಗುರುತಿಡುತ್ತೆ. ಊಟ, ನೀರು, ಗೂಡು ಇಟ್ಟ ಜಾಗ ಬದಲಿಸಬೇಡಿ, ತೊಳೆಯುವಾಗ ಎಲ್ಲ ಬಟ್ಟೆ ಒಟ್ಟಿಗೆ ತೆಗೆಯದೆ ಒಂದು ಹಳೆಯದನ್ನ ಬಿಡಿ. ಏಣಿ, ಅಟ್ಟ, ತಂತಿಯ ನೆಲ ಬೇಡ. ನೀರಿಗೆ ಕಾಲು ಇಂಚು ಆಳದ ಭಾರದ ಪಿಂಗಾಣಿ ತಟ್ಟೆ. ಕಿವಿಯೂ ಕೇಳದಿರಬಹುದು, ಅದಕ್ಕೇ ಮೇಲಿಂದ ಎತ್ತಬೇಡಿ. ಕೈಯನ್ನ ನೆಲಕ್ಕಿಟ್ಟು ಮೂಸಲು ಬಿಟ್ಟು ಆಮೇಲೆ ಎತ್ತಿ.

ದಿನಾ ಒಂದೇ ಹೊತ್ತಿಗೆ ತೂಕ ಬರೆಯಿರಿ. ಈ ಮರಿ ಎರಡನೇ ದಿನ 91ಕ್ಕೆ ಇಳಿದಿತ್ತು, ಹದಿಮೂರನೇ ದಿನ 131. ದಿನಕ್ಕೆ ಮೂರ್ನಾಲ್ಕು ಗ್ರಾಂ ಏರಿದರೆ ಸರಿ. ಎರಡು ದಿನ ಸತತ ಇಳಿದರೆ ನಿಮ್ಮ ಕೈಯಲ್ಲಿ ಆಗುವ ಕೆಲಸ ಅಲ್ಲ ಅದು, ಡಾಕ್ಟರ್ ನೋಡಲಿ.

ಕೊಳ್ಳಲೇಬೇಕು ಅನ್ನುವವರು ತಕ್ಕಡಿ ಜೇಬಲ್ಲಿಟ್ಟುಕೊಂಡು ಹೋಗಿ, ನಗಲಿ ಬಿಡಿ. ಇನ್ನೂರು ಗ್ರಾಂ ಇಲ್ಲದ ಮರಿ ಬೇಡ. ಮರಿಯನ್ನ ನಿಮ್ಮ ಕೈಗೇ ತಗೊಂಡು ಎರಡೂ ಕಣ್ಣು, ಮುಂದಿನ ನಾಲ್ಕು ಹಲ್ಲು ನೋಡಿ. ತಾಯಿಯನ್ನ ತೋರಿಸಿ ಅನ್ನಿ. 2018ರ ಪೆಟ್ ಶಾಪ್ ನಿಯಮಗಳು ನಾಯಿ ಬೆಕ್ಕಿಗಷ್ಟೇ ಅಲ್ಲ, ಗಿನಿಪಿಗ್ಗಿಗೂ ಅನ್ವಯಿಸುತ್ತವೆ, ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಇಲ್ಲದೆ ಮಾರುವಂತಿಲ್ಲ. ಆ ಪತ್ರ ಎಲ್ಲಿ ಅಂತ ಕೇಳಿ, ಮುಖ ನೋಡಿ. ಬಿಲ್ಲನ್ನ ಅಲ್ಲೇ ನಿಂತು ಓದಿ, ನನ್ನ ಹಾಗೆ ಮೀನಿನ ಆಹಾರ ಕೊಂಡು ಬರಬೇಡಿ.

ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ. ನಿನ್ನೆ ಸಂಜೆ ಮನೆಯವರ ಫೋನಿನಲ್ಲಿ ಅವನ ಸ್ಟೇಟಸ್ ಕಂಡಿತು: “ಸ್ನೋ ವೈಟ್ ಆಲ್ಬಿನೋ ಬೇಬಿ, ಒಂದೇ ಪೀಸ್, ಬೇಗ ಬನ್ನಿ.” ಫೋಟೋದಲ್ಲಿ ಮರಿಯ ಮುಖ ಹುಲ್ಲಿನೊಳಗಿದೆ.