ನಮ್ಮ ತೊಗರಿ ಬ್ಯಾಳಿಗೆ ಯಾವ ಇಂಗು?

ಕಲಬುರಗಿ ತೊಗರಿ ಬ್ಯಾಳಿಗೆ 2019ರಲ್ಲಿ ಜಿಐ ಟ್ಯಾಗ್, ಅಂದ್ರೆ ಆಯಾ ಊರಿನ ವಿಶೇಷ ಪದಾರ್ಥಕ್ಕೆ ಕೊಡೋ ಗುರುತು, ಸಿಕ್ಕಿತು. ಇಷ್ಟು ರುಚಿಯ ಬ್ಯಾಳಿಗೆ ಕೈಗೆ ಸಿಕ್ಕ ಇಂಗು ಹಾಕೋಕೆ ನನಗೆ ಮನಸ್ಸು ಬರಲ್ಲ. ಅದಕ್ಕೇ ಗಂಜ್ ಮಾರುಕಟ್ಟೆಯಿಂದ ಮೂರು ಥರದ್ದು ತಂದೆ: ಡಬ್ಬಿಯ ಪುಡಿ, ಗಟ್ಟಿ ಇಂಗು, ಹಿಟ್ಟು ಬೆರೆಸದ ಅಪ್ಪಟ ಇಂಗು. ಪ್ರತಿ ಸಲವೂ ಅದೇ ಬ್ಯಾಳಿ, ಅದೇ ಶೇಂಗಾ ಎಣ್ಣೆ. ಬಳ್ಳೊಳ್ಳಿ ಮುಟ್ಟಲಿಲ್ಲ.

ಪುಡಿಯಲ್ಲಿ ಹಿಟ್ಟೇ ಜಾಸ್ತಿ. ಡಬ್ಬಿ ಹಿಂದೆ ಓದಿ, ಗೋಧಿ ಹಿಟ್ಟು, ಗೋಂದು ಅಂತ ಬರೆದಿರುತ್ತೆ. ಗೋಧಿ ಆಗದವರು ಇದನ್ನು ನೋಡಲೇಬೇಕು. ಕಾಲು ಚಮಚ ಹಾಕಿದೆ. ಒಗ್ಗರಣೆಯಲ್ಲಿ ಘಮ್ ಅಂದಿತು, ಊಟಕ್ಕೆ ಕೂರುವಷ್ಟರಲ್ಲಿ ಏನೂ ಉಳಿದಿರಲಿಲ್ಲ. ಮಜ್ಜಿಗೆಗೆ ಇದು ಸಾಕು.

ಅಪ್ಪಟ ಇಂಗಿನ ಮಾತೇ ಬೇರೆ. ಇದು ಫೆರುಲಾ ಅನ್ನೋ ಗಿಡದ ಬೇರಿನ ಹಾಲು. ಗಜ್ಜರಿ, ಜೀರಿಗೆ, ಕೊತ್ತಂಬರಿಯ ಬಳಗದ್ದೇ ಗಿಡ. ಇರಾನ್, ಅಫ್ಘಾನಿಸ್ತಾನದ ಒಣ ಬೆಟ್ಟಗಳಲ್ಲಿ ಬೆಳೆಯುತ್ತೆ. ಹದಕ್ಕೆ ಬರೋಕೆ ಸುಮಾರು ಐದು ವರ್ಷ ಬೇಕು. ಆಮೇಲೆ ಬೇರು ಕೊಯ್ದು, ಒಸರಿ ಗಟ್ಟಿಯಾದ ಹಾಲನ್ನು ಕೆರೆದು ತೆಗೆಯುತ್ತಾರೆ. ನಮ್ಮ ದೇಶದಲ್ಲೂ ಬೆಳೆಯೋಕೆ ಅಂತ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಪಾಲಂಪುರದ ವಿಜ್ಞಾನಿಗಳು ಸಸಿ ನೆಟ್ಟಿದ್ದು 2020ರ ಅಕ್ಟೋಬರಿನಲ್ಲಿ. ಅಷ್ಟು ದೂರದಿಂದ, ಅಷ್ಟು ವರ್ಷಕ್ಕೆ ಬರುವ ಪದಾರ್ಥ, ರೇಟು ಜಾಸ್ತಿ ಇರೋದು ಸರಿಯೇ.

ತುಂಡು ಜಿಗುಟು, ಕುಟ್ಟಿದರೂ ಪುಡಿಯಾಗಲಿಲ್ಲ. ಹಸಿಯಾಗಿ ಮೂಸಿದರೆ ಗಂಧಕದಂಥ ನಾತ. ತೊಗರಿ ಕಾಳಿನಷ್ಟು ಚಿವುಟಿ ಎಣ್ಣೆಗೆ ಬಿಟ್ಟೆ. ಅರ್ಧ ಲೋಟ ಬ್ಯಾಳಿಗೆ ಅದು ವಿಪರೀತ ಆಯಿತು, ಬ್ಯಾಳಿ ಕಹಿಯಾಯಿತು. ಮರುದಿನ ಜೀರಿಗೆ ಕಾಳಿನಷ್ಟೇ ತೆಗೆದು, ಬಿಸಿ ನೀರಲ್ಲಿ ಕರಗಿಸಿ ಹಾಕಿದೆ. ಆಗ ಸರಿಹೋಯಿತು. ಆದರೂ ತೊಗರಿಯ ಸಿಹಿ ಹಿಂದೆ ಸರಿದು ಇಂಗೇ ಮುಂದೆ ನಿಂತಿತ್ತು.

ಗಟ್ಟಿ ಇಂಗಿನಲ್ಲೂ ಹಿಟ್ಟಿರುತ್ತೆ, ಆದರೆ ನಾನು ತಂದ ಪುಡಿಗಿಂತ ಖಾರ. ಕುಟ್ಟಾಣಿಯಲ್ಲಿ ಒಡೆದು ತೊಗರಿ ಕಾಳಿನಷ್ಟು ಚೂರು ಬಿಸಿ ಎಣ್ಣೆಗೆ ಹಾಕಿದೆ. ಉಬ್ಬಿತು, ಅಂಚು ಕಂದಾಯಿತು. ಅದರ ಮೇಲೇ ಜೀರಿಗೆ, ಕರಿಬೇವು. ರಾತ್ರಿ ಉಳಿದ ಬ್ಯಾಳಿಯನ್ನು ಬೆಳಗ್ಗೆ ಜೋಳದ ರೊಟ್ಟಿ ಜೊತೆ ಬಡಿಸಿದೆ. ವಾಸನೆ ಹಾಗೇ ಇತ್ತು. ಅತ್ತೆ ಎರಡನೇ ಸಲ ಹಾಕಿಸಿಕೊಂಡು, "ದಿನಾ ಇದೇ ಹಾಕವ್ವ" ಅಂದರು.

ಈಗ ಒಲೆ ಪಕ್ಕ ಗಟ್ಟಿ ಇಂಗಿನ ಡಬ್ಬಿ ಇದೆ. ಅಪ್ಪಟದ ತುಂಡನ್ನು ಗಾಜಿನ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿಟ್ಟಿದ್ದೇನೆ, ಮಾವಿನಕಾಯಿ ಉಪ್ಪಿನಕಾಯಿಗೆ ಬೇಕು.