ಹಳೆಯ ಮನೆ ಕೊಳ್ಳುವ ಮುನ್ನ ಮಾಡಿಸಿದ ತಪಾಸಣೆ: ಮಂಗಳೂರಿನ ಒಂದು ಸೇವೆಯ ಕುರಿತು

ಹಳೆಯ ಮನೆಗಳನ್ನು ಕೊಂಡು, ದುರಸ್ತಿ ಮಾಡಿಸಿ ಮಾರುವ ವ್ಯವಹಾರವನ್ನು ನಾನು ಮಂಗಳೂರಿನಲ್ಲಿ ಆರು ವರ್ಷಗಳಿಂದ ನಡೆಸುತ್ತಿದ್ದೇನೆ. ಇದರಲ್ಲಿ ಲಾಭ ನಷ್ಟ ತೀರ್ಮಾನವಾಗುವುದು ಮುಂಗಡ ಕೊಡುವ ದಿನವೇ ಎಂಬುದನ್ನು ಗುರುಪುರದ ಕಡೆ ಕೊಂಡ ಮೊದಲ ಮನೆ ನನಗೆ ಕಲಿಸಿತು. ಅದರ ಹಿತ್ತಿಲಿನ ದೊಡ್ಡ ಭಾಗ ಕುಮ್ಕಿ ಎಂದು ತಿಳಿದದ್ದು ಕ್ರಯಪತ್ರವಾದ ಮೇಲೆ. ಕದೀಮ್ ವರ್ಗದ, ಅಂದರೆ ಹಳೆಯ ಕಾಲದಿಂದ ಕಂದಾಯ ಕಟ್ಟುತ್ತ ಬಂದ ಜಮೀನಿನ, ಗಡಿಯಿಂದ 100 ಗಜದವರೆಗಿನ ಸರ್ಕಾರಿ ಜಾಗವೇ ಕುಮ್ಕಿ; ಅದರಲ್ಲಿ ಸೊಪ್ಪು, ಸೌದೆ ತರುವ ಸವಲತ್ತು ಉಂಟೇ ಹೊರತು ಒಡೆತನವಿಲ್ಲ. ನಾನು ಅದಕ್ಕೂ ಬೆಲೆ ತೆತ್ತಿದ್ದೆ.

ಆದುದರಿಂದ ಕಳೆದ ಎರಡು ಮನೆಗಳಿಗೆ, ದಾಖಲೆ ಮತ್ತು ಕಟ್ಟಡ ಎರಡನ್ನೂ ಪರಿಶೀಲಿಸಿಕೊಡುವ ನಗರದ ಒಂದು ಸಣ್ಣ ಸಂಸ್ಥೆಯ ಸೇವೆ ಪಡೆದೆ. ಒಬ್ಬ ಸಿವಿಲ್ ಎಂಜಿನಿಯರ್, ಒಬ್ಬ ವಕೀಲರು, ಒಬ್ಬ ನಿವೃತ್ತ ಸರ್ವೇಯರ್ ಸೇರಿ ನಡೆಸುವ ಕಚೇರಿ ಅದು. ಒಂದು ಮನೆಗೆ 22,000 ರೂಪಾಯಿ ಶುಲ್ಕ.

ಬೋಳಾರದ ಮನೆಯನ್ನು ಅವರು ಬೇಡವೆಂದರು. ಮೂವತ್ತು ವರ್ಷಗಳ ಋಣಭಾರ ಪ್ರಮಾಣಪತ್ರದಲ್ಲಿ ಯಾವ ಸಾಲವೂ ಕಾಣಿಸಿರಲಿಲ್ಲ. ಆದರೆ ವಕೀಲರು ಅಷ್ಟಕ್ಕೆ ನಿಲ್ಲದೆ ಮೂಲಪತ್ರವನ್ನೇ ಕೇಳಿ ತರಿಸಿ ಓದಿದಾಗ, ಮಾರುವವರಿಗೆ ಇದ್ದದ್ದು ಮೂಲಗೇಣಿಯ ಹಕ್ಕು ಮಾತ್ರ ಎಂದು ಗೊತ್ತಾಯಿತು. ಮೂಲಗೇಣಿ ಶಾಶ್ವತ ಗೇಣಿಯಾದರೂ ಪೂರ್ಣ ಒಡೆತನವಲ್ಲ. ಮುಂದೆ ನನ್ನಿಂದ ಕೊಳ್ಳುವವರು ಬ್ಯಾಂಕ್ ಸಾಲಕ್ಕೆ ಹೋದಾಗ ಅಲ್ಲಿಯೇ ಸಿಕ್ಕಿಕೊಳ್ಳುತ್ತಿದ್ದರು. ಈ ಒಂದು ಓದಿಗೇ ಶುಲ್ಕ ಸಂದಿತೆಂದು ನಾನು ಭಾವಿಸುತ್ತೇನೆ.

ಜೆಪ್ಪುವಿನ ಮನೆಯ ತಪಾಸಣೆ ಇನ್ನೂ ಸೂಕ್ಷ್ಮವಾಗಿತ್ತು. 1865ರಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ತೆರೆದ ಊರಲ್ಲವೇ, ಮಾಡಿನ ಹಳೆಯ ಹೆಂಚು ಬಹುಪಾಲು ಗಟ್ಟಿಯಾಗಿಯೇ ಇತ್ತು. ಎಂಜಿನಿಯರ್ ಅಟ್ಟಕ್ಕೆ ಹತ್ತಿ, ಪಕ್ಕಾಸುಗಳು (ಹೆಂಚನ್ನು ಹೊರುವ ಇಳಿಜಾರು ಮರಗಳು) ಗೋಡೆಯ ಮೇಲೆ ಕೂರುವ ತುದಿಗಳನ್ನು ಒಂದೊಂದಾಗಿ ಕುಟ್ಟಿ ನೋಡಿದರು. ಏಳರಲ್ಲಿ ಗೆದ್ದಲು ಒಳಗೆಲ್ಲ ತಿಂದಿತ್ತು. ಹಿಂದೆ ಸೇರಿಸಿದ್ದ ಆರ್‌ಸಿಸಿ ಕೋಣೆಯ ಛಾವಣಿಯಿಂದ ಸ್ವಲ್ಪ ಕಾಂಕ್ರೀಟ್ ಕೆತ್ತಿ, ಫಿನಾಲ್ಫ್ಥಲೀನ್ ದ್ರಾವಣ ಸಿಂಪಡಿಸಿದರು. ಆರೋಗ್ಯವಾಗಿರುವ ಕಾಂಕ್ರೀಟ್ ಆಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ; ಇಲ್ಲಿ ಕಬ್ಬಿಣದ ಸರಳಿನವರೆಗೂ ಬಣ್ಣ ಬರಲಿಲ್ಲ. ಕ್ಷಾರಗುಣ ಕಳೆದುಕೊಂಡ ಕಾಂಕ್ರೀಟ್ ಸರಳನ್ನು ಕಾಯುವುದಿಲ್ಲ, ಕಡಲ ಗಾಳಿಯ ಉಪ್ಪಿನೆದುರಂತೂ ತುಕ್ಕು ಬೇಗ ಹಿಡಿಯುತ್ತದೆ ಎಂದು ಅವರು ವಿವರಿಸಿದ ಆ ಪುಟವನ್ನು ಮುಂದಿಟ್ಟೇ ನಾನು ಬೆಲೆಯಲ್ಲಿ ಮೂರೂವರೆ ಲಕ್ಷ ಇಳಿಸಲು ಸಾಧ್ಯವಾಯಿತು.

ಕೊರತೆಗಳನ್ನೂ ಹೇಳಬೇಕು. ಅವರು 9 ಲಕ್ಷವೆಂದು ಅಂದಾಜಿಸಿದ ದುರಸ್ತಿಗೆ ನನಗೆ 11 ಲಕ್ಷ 40 ಸಾವಿರ ತಗಲಿತು. ಮರಗೆಲಸದವರ ಕೂಲಿಯನ್ನು ಹಳೆಯ ದರದಲ್ಲಿ ಹಿಡಿದಿದ್ದರು. ವರದಿ ಒಂದು ವಾರ ತಡವಾಯಿತು. ಅದಕ್ಕಿಂತ ಮುಖ್ಯವಾಗಿ, ಮಾರುವ ಉದ್ದೇಶದಿಂದ ಕೊಳ್ಳುತ್ತೇನೆಂದು ಮೊದಲೇ ತಿಳಿಸಿದ್ದರೂ ಕೊಡುಕೊಳ್ಳುವಿಕೆಯ ಖರ್ಚಿನ ಲೆಕ್ಕ ವರದಿಯಲ್ಲಿರಲಿಲ್ಲ. 45 ಲಕ್ಷ ಮೀರಿದ ಆಸ್ತಿಗೆ ಶೇ 5ರ ಮುದ್ರಾಂಕ ಶುಲ್ಕ ಮತ್ತು ಅದರ ಮೇಲಿನ ಸೆಸ್, 2025ರ ಆಗಸ್ಟ್ ಕೊನೆಯಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ, 24 ತಿಂಗಳೊಳಗೆ ಮಾರಿದರೆ ನಮ್ಮ ಆದಾಯದ ಹಂತಕ್ಕೆ ತಕ್ಕಂತೆ ಬೀಳುವ ತೆರಿಗೆ ಇವೆಲ್ಲ ಸೇರಿದಾಗ ಕಾಗದದ ಮೇಲಿನ ಲಾಭ ಬಹಳ ಕರಗುತ್ತದೆ. ಹೊಸದಾಗಿ ಈ ಕೆಲಸಕ್ಕೆ ಇಳಿಯುವವರು ಇದನ್ನು ಲೆಕ್ಕಪರಿಶೋಧಕರಿಂದ ಪ್ರತ್ಯೇಕವಾಗಿ ಮಾಡಿಸಿಕೊಳ್ಳಬೇಕು.

ಬೇಸಿಗೆಯಲ್ಲಿ ಮನೆ ನೋಡುವವರು 4,000 ರೂಪಾಯಿ ಹೆಚ್ಚು ಕೊಟ್ಟಾದರೂ ಮಳೆಗಾಲದ ಮರುಭೇಟಿಯನ್ನು ಕೇಳಿ ಪಡೆಯಬೇಕು. ಸಂಸ್ಥೆಯವರು ತಾವಾಗಿ ಅದನ್ನು ಹೇಳುವುದಿಲ್ಲ. ಜೆಪ್ಪುವಿನಲ್ಲಿ ಮಾಡಿನ ಕೆಲಸ ಮೇ ತಿಂಗಳಲ್ಲೇ ಮುಗಿದಿತ್ತು, ಒಳಗಿನ ಗಾರೆ ಬಾಕಿಯಿತ್ತು. ಜೂನ್ ಕೊನೆಯ ಜಡಿಮಳೆಯಲ್ಲಿ ಎಂಜಿನಿಯರ್ ಬಂದಾಗ ಪಶ್ಚಿಮದ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ ಒಳಬದಿಯಲ್ಲಿ ಒದ್ದೆಯಾಗಿರುವುದು ಕಂಡಿತು. ಗಾರೆಗೆ ಮುನ್ನವೇ ಕಂಡದ್ದರಿಂದ, ಆ ಬದಿಯ ಮಾಡನ್ನು ಎರಡಡಿ ಮುಂದಕ್ಕೆ ಚಾಚಿಸುವುದರಲ್ಲೇ ಕೆಲಸ ಮುಗಿಯಿತು.