ಎಲ್‌ಎಲ್‌ವಿಎಂಗೆ ಯಾವ ಕ್ಲೋನ್? ನನ್ನ ಓಟು ‘ಸ್ಕೇಲಾರ್ ರಿಜಿಸ್ಟರ್’ಗೆ

ಮೊದಲೇ ಹೇಳಿಬಿಡ್ತೀನಿ. ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಗಿಟ್‌ನಲ್ಲಿ ಪೂರ್ತಿ ಕ್ಲೋನ್ (ಇಡೀ ಇತಿಹಾಸದ ನಕಲು) ಇಳಿಸಿಕೊಂಡು, ಆ ಫೋಲ್ಡರಿನೊಳಗೆ ‘ಸ್ಕೇಲಾರ್ ರಿಜಿಸ್ಟರ್’ ಕಮಾಂಡ್ ಕೊಡುವುದೇ ನನಗೆ ಒಗ್ಗಿದ ದಾರಿ. ಸ್ಕೇಲಾರ್ ಅಂದರೆ ದೊಡ್ಡ ರೆಪೊಗಳಲ್ಲಿ (ಕೋಡ್ ಸಂಗ್ರಹಗಳಲ್ಲಿ) ಗಿಟ್‌ಗೆ ವೇಗ ಕೊಡುವ ಟೂಲ್. ಕಂಪೈಲರ್ ಕಟ್ಟುವ ದೊಡ್ಡ ಪ್ರಾಜೆಕ್ಟ್ ಎಲ್‌ಎಲ್‌ವಿಎಂನ ರೆಪೊ ಮೇಲೆ ಶ್ಯಾಲೋ ಕ್ಲೋನ್ (ಹಳೇ ಇತಿಹಾಸ ಬಿಟ್ಟ ನಕಲು) ನೋಡಿದೆ, ‘ಸ್ಕೇಲಾರ್ ಕ್ಲೋನ್’ ನೋಡಿದೆ, ಕೊನೆಗೆ ಇಲ್ಲಿಗೆ ಬಂದು ನಿಂತೆ. ಎಲ್ಲವೂ ಒಂದೇ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ.

ಸ್ಕೇಲಾರ್ ಎಲ್ಲಿಂದ ಬಂತು ಅನ್ನೋದು ಈ ಆಯ್ಕೆಗೆ ಮುಖ್ಯ. ವಿಂಡೋಸ್‌ನ ಸೋರ್ಸ್ ಕೋಡನ್ನು ಗಿಟ್‌ಗೆ ತಂದಾಗ ಸುಮಾರು 35 ಲಕ್ಷ ಫೈಲ್, 300 ಜಿಬಿ ರೆಪೊ. ಸಾದಾ ಗಿಟ್‌ಗೆ ಅದು ಎಳೆಯಲಾಗದ ಭಾರ. ಅದಕ್ಕೆ ಮೈಕ್ರೋಸಾಫ್ಟ್ 2017ರಲ್ಲಿ ಜಿವಿಎಫ್‌ಎಸ್ ತಂತು. ಬೇಕಾದ ಫೈಲ್ ತೆರೆದಾಗ ಮಾತ್ರ ಇಳಿಸುವ ವರ್ಚುವಲ್ ಫೈಲ್ ಸಿಸ್ಟಮ್ ಅದು. 2020ರಲ್ಲಿ ಆ ವರ್ಚುವಲ್ ಭಾಗವನ್ನು ಕೈಬಿಟ್ಟು ಸ್ಕೇಲಾರ್ ಬಂತು. ಅದೂ ಆಗ ಡಾಟ್‌ನೆಟ್‌ನಲ್ಲಿ ಬರೆದ ಬೇರೆಯೇ ಟೂಲ್. ಆಮೇಲೆ ಅದರೊಳಗಿನ ಕೆಲಸಗಳು ಒಂದೊಂದಾಗಿ ಗಿಟ್‌ಗೇ ಸೇರುತ್ತಾ ಬಂದವು. ಹಿನ್ನೆಲೆಯಲ್ಲಿ ತಾನೇ ನಡೆಯುವ ಮೇಂಟೆನೆನ್ಸ್ ಮೊದಲು ಬಂತು, ಗಿಟ್ 2.37ರಲ್ಲಿ, ಯಾವ ಫೈಲ್ ಬದಲಾಯಿತು ಅಂತ ಗಮನಿಸುವ ಫೈಲ್ ಸಿಸ್ಟಮ್ ಮಾನಿಟರ್ ಬಂತು. ಉಳಿದ ಸ್ಕೇಲಾರನ್ನು ಸಿ ಭಾಷೆಯಲ್ಲಿ ಮತ್ತೆ ಬರೆದರು. ಗಿಟ್‌ನ ಕಾಂಟ್ರಿಬ್ ಫೋಲ್ಡರಿನಲ್ಲಿ ಸ್ವಲ್ಪ ಕಾಲ ಇಟ್ಟು, 2022ರ ಅಕ್ಟೋಬರಿನಲ್ಲಿ 2.38ರ ಜೊತೆ ಎಲ್ಲರಿಗೂ ಕೊಟ್ಟರು.

ಒಂದೇ ಏಟಿಗೆ ಸೇರಿಸದೆ ಹೀಗೆ ಬಿಡಿಬಿಡಿಯಾಗಿ ತಂದದ್ದರಿಂದಲೇ ನನಗೆ ಲಾಭ. ಈಗ ಸ್ಕೇಲಾರ್ ಅಂದರೆ ಹೆಚ್ಚುಕಡಿಮೆ ಗಿಟ್‌ನ ಸೆಟ್ಟಿಂಗ್‌ಗಳನ್ನು ಒಟ್ಟಿಗೆ ಆನ್ ಮಾಡಿಕೊಡುವ ತೆಳು ಹೊದಿಕೆ. ಬೇಕಾದ್ದು ಇಟ್ಟುಕೊಂಡು ಬೇಡದ್ದು ಬಿಡಬಹುದು.

ಶ್ಯಾಲೋ ಕ್ಲೋನ್ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಒಂದೇ ಕಮಿಟ್ (ದಾಖಲಾದ ಒಂದು ಬದಲಾವಣೆ) ಆಳಕ್ಕೆ ಇಳಿಸಿದರೆ, ಯಾವ ಸಾಲು ಯಾವ ಕಮಿಟ್‌ನಿಂದ ಬಂತು ಅಂತ ತೋರಿಸುವ ಬ್ಲೇಮ್‌ನಲ್ಲಿ ಪ್ರತಿ ಸಾಲಿನ ಮುಂದೆಯೂ ಅದೇ ಕಮಿಟ್. ಬಿಲ್ಡ್ ಮಾಡಿ ಎಸೆಯುವ ಮಷೀನಿಗೆ ಸರಿ, ನನಗಲ್ಲ.

‘ಸ್ಕೇಲಾರ್ ಕ್ಲೋನ್’ ಮೊದಲ ನೋಟಕ್ಕೆ ತುಂಬಾ ಚೆನ್ನಾಗಿದೆ. ಬೇಗ ಮುಗಿಯುತ್ತದೆ, ಡಿಸ್ಕೂ ಕಮ್ಮಿ. ಕೋಡ್ ಮಾತ್ರ ‘ಎಸ್‌ಆರ್‌ಸಿ’ ಅನ್ನೋ ಒಳ ಫೋಲ್ಡರಿನಲ್ಲಿ ಇರುತ್ತದೆ. ಮೇಲ್ಮಟ್ಟದ ಫೈಲ್‌ಗಳಷ್ಟೇ ಬಂದಿರುತ್ತವೆ, ಉಳಿದದ್ದನ್ನು ಸ್ಪಾರ್ಸ್ ಚೆಕ್‌ಔಟ್‌ನಿಂದ ನಾವೇ ಕೇಳಿ ತರಿಸಬೇಕು. ಎಲ್‌ಎಲ್‌ವಿಎಂ, ಕ್ಲ್ಯಾಂಗ್ (ಅದರ ಸಿ, ಸಿ++ ಕಂಪೈಲರ್) ಎರಡನ್ನೇ ತರಿಸಿದರೆ ಬಿಲ್ಡ್ ಆಗಲ್ಲ. ‘ಸಿಮೇಕ್’, ‘ಥರ್ಡ್ ಪಾರ್ಟಿ’ ಫೋಲ್ಡರ್‌ಗಳೂ ಬೇಕು. ಇದು ಐದು ನಿಮಿಷದ ತಲೆನೋವು, ಬಿಡಿ.

ನಿಜವಾದ ತಲೆನೋವು ಬ್ಲೇಮ್. ‘ಸ್ಕೇಲಾರ್ ಕ್ಲೋನ್’ ಹಳೇ ಕಮಿಟ್‌ಗಳನ್ನೆಲ್ಲ ತರುತ್ತದೆ, ಆದರೆ ಫೈಲಿನ ಹಳೇ ರೂಪಗಳನ್ನು, ಅಂದರೆ ಬ್ಲಾಬ್‌ಗಳನ್ನು, ತರುವುದಿಲ್ಲ. ಕೇಳಿದಾಗ ಸರ್ವರಿನಿಂದ ತರಿಸಿಕೊಳ್ಳುತ್ತದೆ. ಹೊಸ ಕೋಡ್ ಬರೆಯುವವರಿಗೆ ಇದು ಗೊತ್ತೇ ಆಗಲ್ಲ. ನಾನು ಬರೆಯುವುದಕ್ಕಿಂತ ಓದುವುದೇ ಜಾಸ್ತಿ. ಈ ಸಾಲು ಯಾವಾಗ ಬಂತು, ಯಾಕೆ ಬಂತು, ಅದಕ್ಕೆ ಮುಂಚೆ ಏನಿತ್ತು ಅಂತ ಹಿಂದೆ ಹಿಂದೆ ಹೋಗ್ತಾ ಇರ್ತೀನಿ.

ಕ್ಲ್ಯಾಂಗ್‌ನ ‘ಸೆಮಾ’ ಫೋಲ್ಡರಿನಲ್ಲಿ ಎಕ್ಸ್‌ಪ್ರೆಷನ್‌ಗಳನ್ನು ಪರೀಕ್ಷಿಸುವ ಒಂದು ಫೈಲ್ ಇದೆ. 20 ಸಾವಿರ ಸಾಲು ದಾಟಿದೆ, ವರ್ಷಗಟ್ಟಲೆ ನೂರಾರು ಜನ ಮುಟ್ಟಿದ್ದಾರೆ. ಅದರ ಮೇಲೆ ಬ್ಲೇಮ್ ಕೊಟ್ಟರೆ ಗಿಟ್ ಒಂದೊಂದೇ ಹಳೇ ರೂಪವನ್ನು ಹೋಲಿಸುತ್ತಾ ಹಿಂದೆ ಹೋಗಬೇಕು. ಆ ರೂಪ ಡಿಸ್ಕಿನಲ್ಲಿ ಇಲ್ಲ. ಸರ್ವರಿಗೆ ಒಂದು ಕೋರಿಕೆ, ಒಂದು ಬ್ಲಾಬ್ ಬಂತು. ಮತ್ತೊಂದು ಕೋರಿಕೆ, ಮತ್ತೊಂದು ಬ್ಲಾಬ್. ಒಂದು ಸಲಕ್ಕೆ ಹೋಗಿ ಬರುವ ಹೊತ್ತು ಚಿಕ್ಕದೇ, ಆದರೆ ನೂರಾರು ಸಲ ಹೋಗಿ ಬಂದರೆ? ಟರ್ಮಿನಲ್ ಮುಂದೆ ಸುಮ್ನೆ ಕೂತಿರಬೇಕು. ಒಂದು ಪದ ಯಾವ ಕಮಿಟ್‌ನಲ್ಲಿ ಬಂತು ಅಂತ ಲಾಗ್‌ನಲ್ಲಿ ಹುಡುಕುವಾಗಲೂ ಇದೇ ಪಾಡು. ಊರಿಗೆ ಹೋಗುವ ರೈಲಿನಲ್ಲಿ ನೆಟ್‌ವರ್ಕ್ ಹೋದರೆ ಬ್ಲೇಮ್ ಅರ್ಧಕ್ಕೇ ಎರರ್ ಕೊಟ್ಟು ನಿಲ್ಲುತ್ತದೆ. ನನಗೆ ಓದೋಕೆ ಬಿಡುವು ಸಿಗೋದೇ ಅಲ್ಲಿ.

ಇದಕ್ಕೆ ಗಿಟ್ 2.49ರಲ್ಲಿ ‘ಬ್ಯಾಕ್‌ಫಿಲ್’ ಅನ್ನೋ ಕಮಾಂಡ್ ಬಂದಿದೆ. ಇಲ್ಲದ ಬ್ಲಾಬ್‌ಗಳನ್ನು ಗುಂಪುಗುಂಪಾಗಿ ತರಿಸುತ್ತದೆ. ಬೇಕಾದರೆ ನಮ್ಮ ಸ್ಪಾರ್ಸ್ ಫೋಲ್ಡರ್‌ಗಳಿಗೆ ಮಾತ್ರ. ಒಳ್ಳೆಯ ಕೆಲಸ. ಆದರೆ ಬಹುಪಾಲು ಇತಿಹಾಸ ನನಗೆ ಹೇಗೂ ಬೇಕು ಅಂದಮೇಲೆ ಮೊದಲೇ ಪೂರ್ತಿ ಇಳಿಸಿದರೆ ಆಯ್ತಲ್ವಾ?

ಹಾಗಾಗಿ ರಾತ್ರಿ ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ಪೂರ್ತಿ ಕ್ಲೋನ್. ಮಧ್ಯೆ ಲೈನ್ ಕಡಿದರೆ ಕ್ಲೋನ್ ಮೊದಲಿನಿಂದ ಶುರು, ಅದೊಂದು ಎಚ್ಚರ ಬೇಕು. ಕೆಲವು ಜಿಬಿ ಡಿಸ್ಕ್ ಹೋಗುತ್ತದೆ. ನನ್ನ ಹತ್ತಿರ ಜಾಗ ಇದೆ, ದಿನವಿಡೀ ಒಳ್ಳೆ ನೆಟ್ ಇಲ್ಲ. ಆಮೇಲೆ ‘ಸ್ಕೇಲಾರ್ ರಿಜಿಸ್ಟರ್’. ಅಲ್ಲಿಂದ ಮುಂದೆ ಕಮಿಟ್ ಗ್ರಾಫ್ (ಕಮಿಟ್‌ಗಳ ಕೊಂಡಿಗಳ ಸಿದ್ಧ ಪಟ್ಟಿ) ತಾನೇ ಹೊಸದಾಗುತ್ತದೆ, ಬಿಡಿ ಆಬ್ಜೆಕ್ಟ್‌ಗಳು ದಿನಕ್ಕೊಮ್ಮೆ ಪ್ಯಾಕ್ ಆಗುತ್ತವೆ. ಕೆಲಸದ ನಡುವೆ ಗಾರ್ಬೇಜ್ ಕಲೆಕ್ಷನ್ (ಗಿಟ್‌ನ ಕಸ ಗುಡಿಸುವ ಕೆಲಸ) ಬಂದು ಕಾಯಿಸುವುದಿಲ್ಲ. 5 ಲಕ್ಷ ದಾಟಿದ ಕಮಿಟ್‌ಗಳ ನಡುವೆ ಲಾಗ್ ಗ್ರಾಫ್ ತಡವಿಲ್ಲದೆ ತೆರೆದುಕೊಳ್ಳುತ್ತದೆ. ರೈಲಿನಲ್ಲೂ ಬ್ಲೇಮ್ ಓಡುತ್ತದೆ.

ಎರಡು ಸೆಟ್ಟಿಂಗ್ ಮಾತ್ರ ಬದಲಿಸಿಕೊಂಡೆ. ಸ್ಟೇಟಸ್‌ನಲ್ಲಿ ಎಷ್ಟು ಕಮಿಟ್ ಹಿಂದೆ, ಎಷ್ಟು ಮುಂದೆ ಅನ್ನೋ ಲೆಕ್ಕವನ್ನು ಸ್ಕೇಲಾರ್ ಆಫ್ ಮಾಡುತ್ತದೆ. ನನಗೆ ಅದು ಬೇಕು, ಮತ್ತೆ ಆನ್ ಮಾಡಿದೆ. ಇನ್ನೊಂದು, ಗಂಟೆಗೊಮ್ಮೆ ಸರ್ವರಿನಿಂದ ಹೊಸದನ್ನು ಮೊದಲೇ ಇಳಿಸಿಡುವ ಪ್ರೀಫೆಚ್. ಎಲ್‌ಎಲ್‌ವಿಎಂಗೆ ದಿನವಿಡೀ ಕಮಿಟ್ ಬರುತ್ತಲೇ ಇರುತ್ತವೆ, ಫೋನಿನ ಹಾಟ್‌ಸ್ಪಾಟ್ ಮೇಲಿದ್ದಾಗ ಡೇಟಾ ಸುಮ್ನೆ ಖರ್ಚು. ಅದರ ಶೆಡ್ಯೂಲನ್ನು ‘ಡೈಲಿ’ಗೆ ಇಳಿಸಿದ್ದೇನೆ.

ಡಿಸ್ಕ್ ತುಂಬಿದ ಲ್ಯಾಪ್‌ಟಾಪ್, ಆದರೆ ಸದಾ ಫೈಬರ್ ನೆಟ್ ಇರುವವರು ‘ಸ್ಕೇಲಾರ್ ಕ್ಲೋನ್’ ತಗೊಳ್ಳಿ, ಜೊತೆಗೆ ಬ್ಯಾಕ್‌ಫಿಲ್ ನೆನಪಿಡಿ. ಪೂರ್ತಿ ಕ್ಲೋನ್ ಈಗಾಗಲೇ ಇಟ್ಟುಕೊಂಡವರು ಮತ್ತೆ ಏನನ್ನೂ ಇಳಿಸಬೇಕಿಲ್ಲ. ಆ ಫೋಲ್ಡರಿಗೆ ಹೋಗಿ ರಿಜಿಸ್ಟರ್ ಕೊಟ್ಟರೆ ಸಾಕು. ಹಿಡಿಸದಿದ್ದರೆ ‘ಅನ್‌ರಿಜಿಸ್ಟರ್’ ಕೂಡ ಇದೆ.